ಅಸ್ತಮಾ ಇಟ್ಟುಕೊಂಡು ಟ್ರಯಥ್ಲಾನ್‌ಗೆ ಓಡುವುದು ಹೇಗೆ?

"ಈಜಿನಲ್ಲಿ ತೊಂದರೆ ಇಲ್ಲ, ಸೈಕಲ್ಲೂ ನಡೆಯುತ್ತೆ. ಓಡೋಕೆ ಹೋದರೆ ಹತ್ತೇ ನಿಮಿಷಕ್ಕೆ ಎದೆ ಹಿಡಿದುಕೊಳ್ಳುತ್ತೆ. ಟ್ರಯಥ್ಲಾನ್ ಆಸೆ ಬಿಟ್ಟುಬಿಡಲಾ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. (ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ.) ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನನಗೂ ಚಿಕ್ಕಂದಿನಿಂದ ಉಬ್ಬಸ. ನಾನು ಡಾಕ್ಟರ್ ಅಲ್ಲ, ಓಡುವವನು. ಔಷಧಿಯ ಹೆಸರು, ಪ್ರಮಾಣ ಇವನ್ನೆಲ್ಲ ನಿಮ್ಮ ಡಾಕ್ಟರ ಹತ್ತಿರವೇ ನಿರ್ಧರಿಸಿಕೊಳ್ಳಿ.

ಉತ್ತರ: ಬಿಡಬೇಡಿ. ಬ್ರಿಟನ್ನಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅವರಿಗೂ ಅಸ್ತಮಾ. ಆದರೆ "ಅವರು ಮಾಡಿದರು, ನಾನೂ ಮಾಡ್ತೀನಿ" ಅಂತ ನಾಳೆ ಬೆಳಿಗ್ಗೆಯೇ ಶೂ ಕಟ್ಟಬೇಡಿ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಸುಮಾರಿದೆ.

ಓಟದಲ್ಲೇ ಯಾಕೆ ಜಾಸ್ತಿ ಕಾಟ?

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಜೋರಾಗಿ ಓಡುವಾಗ ಅದು 100 ಲೀಟರ್ ಮುಟ್ಟುತ್ತದೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಕಳಿಸುತ್ತದೆ. ಇಷ್ಟೊಂದು ಗಾಳಿಗೆ ಮೂಗು ಸಾಲದು, ಬಾಯಿ ತೆರೆಯುತ್ತೇವೆ. ಒಣ ಗಾಳಿ ನೇರ ಒಳಗೆ ಹೋಗಿ ಶ್ವಾಸನಾಳದ ಒಳಪದರದ ತೇವ ಹೀರುತ್ತದೆ. ಆಗ ಅಲ್ಲಿನ ಜೀವಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಈಜುಕೊಳದಲ್ಲಿ ನೀರಿನ ಮೇಲಿನ ಗಾಳಿಯೇ ತೇವವಾಗಿರುತ್ತದೆ. ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಕಾಲಿಗೂ ಎದೆಗೂ ಬಿಡುವು. ಓಟದಲ್ಲಿ ಇವೆರಡೂ ಇಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಬಿಗಿತ ಸಾಮಾನ್ಯವಾಗಿ ಅತಿ ಜಾಸ್ತಿ ಆಗುವುದು ಓಡುವಾಗ ಅಲ್ಲ, ಓಟ ನಿಲ್ಲಿಸಿದ 5ರಿಂದ 15 ನಿಮಿಷದೊಳಗೆ. ಹಾಗಾಗಿ ನಿಮ್ಮ ತರಬೇತಿಯಲ್ಲಿ ಓಟದ ಹಿಂದಿನ ಮತ್ತು ಮುಂದಿನ ನಿಮಿಷಗಳಿಗೆ ಓಟದಷ್ಟೇ ಬೆಲೆ ಇದೆ. ಕೆಳಗಿನ ಹಂತಗಳೆಲ್ಲ ಇದರ ಸುತ್ತಲೇ ಸುತ್ತುತ್ತವೆ.

ಏನೇನು ಬೇಕು?

ಡಾಕ್ಟರ ಸಲಹೆ. ತಡೆಯುವ ಇನ್ಹೇಲರ್, ಅಂದರೆ ದಿನಾ ತೆಗೆದುಕೊಳ್ಳುವ ಕಂಟ್ರೋಲರ್. ಬಿಗಿತ ಬಂದಾಗ ಬಿಡಿಸುವ ರಿಲೀವರ್. ಸ್ಪೇಸರ್, ಅಂದರೆ ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ. ಪೀಕ್ ಫ್ಲೋ ಮೀಟರ್, ಅಂದರೆ ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ತೋರಿಸುವ ಸಣ್ಣ ಕೊಳವೆ. ಒಂದು ನೋಟ್‌ಬುಕ್. ಕನಿಷ್ಠ 16 ವಾರ ಸಮಯ.

ಹಂತ 1: ಅಸ್ತಮಾ ಹತೋಟಿಯಲ್ಲಿದೆಯಾ ನೋಡಿ

ಕಳೆದ 4 ವಾರಗಳನ್ನು ನೆನಪಿಸಿಕೊಂಡು ಈ ನಾಲ್ಕಕ್ಕೆ ಉತ್ತರ ಕೊಡಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಗಲಿನಲ್ಲಿ ಉಬ್ಬಸ, ಕೆಮ್ಮು, ಬಿಗಿತ ಬಂತಾ? ಒಂದಾದರೂ ರಾತ್ರಿ ಅದರಿಂದ ಎಚ್ಚರವಾಯಿತಾ? ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ರಿಲೀವರ್ ಬೇಕಾಯಿತಾ? (ವ್ಯಾಯಾಮಕ್ಕೆ ಮುಂಚೆ ತೆಗೆದುಕೊಂಡದ್ದು ಲೆಕ್ಕಕ್ಕಿಲ್ಲ.) ಅಸ್ತಮಾದಿಂದ ಯಾವುದಾದರೂ ಕೆಲಸ ಬಿಡಬೇಕಾಯಿತಾ? ಒಂದಕ್ಕಾದರೂ "ಹೌದು" ಅಂದರೆ ನಿಮ್ಮ ಅಸ್ತಮಾ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಓಟದ ವೇಳಾಪಟ್ಟಿ ಪಕ್ಕಕ್ಕಿಟ್ಟು ಡಾಕ್ಟರನ್ನು ಕಾಣಿ.

ನಮ್ಮ ಕಡೆ ತುಂಬ ಜನ ಮಾಡುವ ತಪ್ಪು ಏನೆಂದರೆ ಕಂಟ್ರೋಲರ್ ಬಿಟ್ಟು ಬರೀ ರಿಲೀವರ್ ಮೇಲೆ ಬದುಕುವುದು. ಆಸ್ತಾಲಿನ್ ಥರದ ಸಾಲ್ಬುಟಮಾಲ್ ಇನ್ಹೇಲರ್ ಎರಡು ಪಫ್ ಎಳೆದರೆ ಐದು ನಿಮಿಷಕ್ಕೆ ಹಾಯ್ ಅನಿಸುತ್ತದೆ, ಸರಿ. ಆದರೆ ಅದು ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತ ಇಳಿಸುವುದಿಲ್ಲ. ದಿನಾ ಬಳಸಿದರೆ ಅದರ ರಕ್ಷಣೆಯೂ ಕಡಿಮೆಯಾಗುತ್ತಾ ಬರುತ್ತದೆ. ಅಸ್ತಮಾಕ್ಕೆ ಬರೀ ಸಾಲ್ಬುಟಮಾಲ್ ಸಾಲದು, ಜೊತೆಗೆ ಎಳೆದುಕೊಳ್ಳುವ ಸ್ಟಿರಾಯ್ಡ್ ಬೇಕೇ ಬೇಕು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಾ ಬಂದಿದೆ. ಸ್ಟಿರಾಯ್ಡೂ ಸ್ನಾಯು ಸಡಿಲಿಸುವ ಔಷಧಿಯೂ ಒಟ್ಟಿಗೇ ಇರುವ ಬುಡೆಸೊನೈಡ್–ಫಾರ್ಮೊಟೆರಾಲ್ ಇನ್ಹೇಲರ್ ನಿಮಗೆ ಸರಿಹೋಗುತ್ತದಾ ಎಂದು ಕೇಳಿ ನೋಡಿ.

"ಇನ್ಹೇಲರ್ ಅಭ್ಯಾಸ ಆಗಿಬಿಡುತ್ತೆ" ಅನ್ನುವ ಅತ್ತೆ, ಮಾವ, ಪಕ್ಕದ ಮನೆಯವರು ಎಲ್ಲರಿಗೂ ಇರುತ್ತಾರೆ. ಅದು ಚಟ ಹಿಡಿಸುವ ವಸ್ತು ಅಲ್ಲ. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಎಷ್ಟೋ ಕಡಿಮೆ ಔಷಧಿ ಸಾಕಾಗುತ್ತದೆ. ಕಷಾಯ ಬೇಕಾದರೆ ಕುಡಿಯಿರಿ. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಉಬ್ಬಸದ ಮದ್ದೆಂದು ಮೀನು ನುಂಗಿ ಬಂದವರೂ ನನಗೆ ಗೊತ್ತು. ಅದು ಅವರಿಷ್ಟ, ಆದರೆ ಇನ್ಹೇಲರ್ ನಿಲ್ಲಿಸಲು ಅದು ಕಾರಣ ಆಗಬಾರದು.

ಇನ್ನೊಂದು ಎಚ್ಚರಿಕೆ: ಓಡುವಾಗಿನ ಏದುಸಿರೆಲ್ಲ ಉಬ್ಬಸ ಅಲ್ಲ. ಉಬ್ಬಸದಲ್ಲಿ ಕಷ್ಟವಾಗುವುದು ಮುಖ್ಯವಾಗಿ ಉಸಿರು ಬಿಡುವಾಗ, ಎದೆಯೊಳಗೆ ಸುಯ್ ಎಂಬ ಸಿಳ್ಳೆ ಬರುತ್ತದೆ. ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ಕರ್ಕಶ ಸದ್ದು ಬಂದು, ನಿಂತ ಒಂದೆರಡು ನಿಮಿಷಕ್ಕೆ ಸರಿಹೋಗಿ, ಇನ್ಹೇಲರಿನಿಂದ ಏನೂ ಉಪಯೋಗ ಆಗದಿದ್ದರೆ ಅದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು. ರಕ್ತಹೀನತೆ, ಹೃದಯದ ತೊಂದರೆ ಕೂಡ ಹೀಗೇ ವೇಷ ಹಾಕಿಕೊಂಡು ಬರುತ್ತವೆ. ಇದುವರೆಗೆ ಸ್ಪೈರೊಮೆಟ್ರಿ, ಅಂದರೆ ಯಂತ್ರಕ್ಕೆ ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸಿಲ್ಲ ಅಂದರೆ ಮಾಡಿಸಿ. ಎದೆನೋವು, ತಲೆಸುತ್ತು ಇದ್ದರೆ ಓಟವನ್ನೇ ನಿಲ್ಲಿಸಿ ಮೊದಲು ಅದನ್ನು ತೋರಿಸಿ.

ಹಂತ 2: ಇನ್ಹೇಲರ್ ಎಳೆಯುವುದನ್ನು ಮತ್ತೆ ಕಲಿಯಿರಿ

ನಗಬೇಡಿ. ಹದಿನೈದು ವರ್ಷ ಬಳಸಿದ ಮೇಲೂ ನಾನು ತಪ್ಪಾಗಿಯೇ ಎಳೆಯುತ್ತಿದ್ದೆ.

ಒತ್ತಿದರೆ ಪುಸ್ ಎನ್ನುವ ಇನ್ಹೇಲರ್ ಆದರೆ: ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿಯಿಂದ ಬಾಯಿಕೊಳವೆ ಬಿಗಿಯಾಗಿ ಹಿಡಿದು, ನಿಧಾನವಾಗಿ ಎಳೆಯಲು ಶುರು ಮಾಡಿದ ಕೂಡಲೇ ಒಂದು ಸಲ ಒತ್ತಿ. ಎಳೆಯುವುದನ್ನು ಮುಂದುವರಿಸಿ. 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಸ್ಪೇಸರ್ ಇದ್ದರೆ ಈ ಹೊಂದಾಣಿಕೆಯ ತಲೆನೋವು ಕಡಿಮೆ. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ರೋಟಾಹೇಲರ್ ಥರದ್ದಾದರೆ ತಂತ್ರ ಉಲ್ಟಾ. ಅಲ್ಲಿ ಜೋರಾಗಿ, ಒಂದೇ ಸಮನೆ ಎಳೆಯಬೇಕು. ಅದರೊಳಗೆ ಉಸಿರು ಬಿಡಬಾರದು, ಪುಡಿ ಒದ್ದೆಯಾಗುತ್ತದೆ. ಓಟದ ಮಧ್ಯೆ ಉಬ್ಬಸ ಬಂದು ಉಸಿರೇ ಸಾಲದಿದ್ದಾಗ ಜೋರಾಗಿ ಎಳೆಯುವುದು ಕಷ್ಟ. ಓಟಕ್ಕೆ ಒಯ್ಯಲು ಒತ್ತುವ ಬಗೆಯದ್ದು ಒಳ್ಳೆಯದು ಅನ್ನುವುದು ನನ್ನ ಅನುಭವ.

ಸ್ಟಿರಾಯ್ಡ್ ಇರುವ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ ಕಟ್ಟುತ್ತದೆ, ದನಿ ಒಡೆಯುತ್ತದೆ.

ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಡೋಸ್ ಎಣಿಸುವ ಕೌಂಟರ್ ಇಲ್ಲದ ಡಬ್ಬಿ ಖಾಲಿಯಾದರೂ ಪುಸ್ ಅನ್ನುತ್ತದೆ. ಔಷಧಿ ಮುಗಿದ ಮೇಲೂ ತಳ್ಳುವ ಅನಿಲ ಉಳಿದಿರುತ್ತದೆ. ಒಂದು ಭಾನುವಾರ ಕೆರೆ ದಂಡೆಯಲ್ಲಿ ನಾಲ್ಕು ಪಫ್ ಎಳೆದರೂ ಎದೆ ಬಿಡಲಿಲ್ಲ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಏನೋ ಇದೆ ಅನ್ನಿಸುತ್ತಿತ್ತು, ನಾಲಿಗೆಗೆ ಮಾತ್ರ ಯಾವಾಗಿನ ಕಹಿ ಇರಲಿಲ್ಲ. ಜೊತೆಯಲ್ಲಿದ್ದವರ ಇನ್ಹೇಲರ್ ಉಳಿಸಿತು. ಅವತ್ತಿನಿಂದ ಹೊಸ ಡಬ್ಬಿ ತೆರೆದ ದಿನ ಮಾರ್ಕರಿನಲ್ಲಿ ತಾರೀಖು ಬರೆಯುತ್ತೇನೆ, 200 ಪಫ್ ಲೆಕ್ಕ ಇಡುತ್ತೇನೆ. ಕೌಂಟರ್ ಇರುವುದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹಂತ 3: ನಿಮ್ಮ ನಂಬರ್ ಗೊತ್ತುಮಾಡಿಕೊಳ್ಳಿ

ಚೆನ್ನಾಗಿರುವ ದಿನಗಳಲ್ಲಿ ಎರಡು ವಾರ, ಬೆಳಿಗ್ಗೆ ಸಂಜೆ ಪೀಕ್ ಫ್ಲೋ ಊದಿ. ನಿಂತುಕೊಂಡು ಮೂರು ಸಲ ಊದಿ, ಅದರಲ್ಲಿ ಜಾಸ್ತಿ ಬಂದದ್ದನ್ನು ಬರೆದುಕೊಳ್ಳಿ. ಎರಡು ವಾರದಲ್ಲಿ ಬಂದ ಅತಿ ಹೆಚ್ಚಿನದು ನಿಮ್ಮ "ಬೆಸ್ಟ್". ಅದು 480 ಎಂದುಕೊಳ್ಳಿ. ಶೇ. 80 ಅಂದರೆ 384. ಅದರ ಮೇಲಿದ್ದರೆ ಹಸಿರು, ಓಡಬಹುದು. 240ರಿಂದ 384 ಹಳದಿ: ಅವತ್ತು ಓಟ ಇಲ್ಲ, ಡಾಕ್ಟರ್ ಕೊಟ್ಟ ಯೋಜನೆಯಂತೆ ಔಷಧಿ. 240ಕ್ಕಿಂತ ಕೆಳಗೆ ಕೆಂಪು: ರಿಲೀವರ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ.

ಪೀಕ್ ಫ್ಲೋ ಚಾರ್ಟಿನಲ್ಲಿರುವ ಎತ್ತರ, ವಯಸ್ಸಿನ ಲೆಕ್ಕಕ್ಕಿಂತ ನಿಮ್ಮದೇ ಬೆಸ್ಟ್ ಮುಖ್ಯ.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಓಟಕ್ಕೆ ಮುಂಚೆ ಒಂದು ಸಲ, ಮುಗಿದ 5, 10, 15 ನಿಮಿಷಕ್ಕೆ ಒಂದೊಂದು ಸಲ ಊದಿ. ಶೇ. 15ಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಆ ಪುಟವನ್ನು ಹಾಗೇ ಡಾಕ್ಟರಿಗೆ ತೋರಿಸಿ. "ಓಡಿದರೆ ಏನೋ ಆಗುತ್ತೆ ಸಾರ್" ಅನ್ನುವುದಕ್ಕಿಂತ ಈ ನಾಲ್ಕು ಅಂಕಿ ಹೆಚ್ಚು ಮಾತಾಡುತ್ತವೆ.

ಹಂತ 4: ಜಾಗ, ಹೊತ್ತು, ಗಾಳಿ

ಬೆಳಗಿನ ಜಾವದ ಗಾಳಿ ಶುದ್ಧ ಅನ್ನುವ ನಂಬಿಕೆ ನಮಗೆಲ್ಲ ಇದೆ. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಅದು ಅರ್ಧ ಸತ್ಯ. ತಣ್ಣನೆಯ ಗಾಳಿ ನೆಲದ ಹತ್ತಿರವೇ ಕೂತು ಹೊಗೆ, ದೂಳನ್ನು ಮೇಲೇಳಲು ಬಿಡುವುದಿಲ್ಲ. ಇದರ ಮೇಲೆ ಆರು ಗಂಟೆಗೆ ರಸ್ತೆ ಬದಿಯಲ್ಲಿ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಆ ಹೊಗೆ ಕಂಡರೆ "ಸ್ವಲ್ಪ ದೂರ ತಾನೇ" ಅಂತ ಉಸಿರು ಹಿಡಿದು ದಾಟಬೇಡಿ, ವಾಪಸ್ ತಿರುಗಿ. ಚಳಿಗಾಲದಲ್ಲಿ ನಾನು ಓಟವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳುತ್ತೇನೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರದ ಗಾಳಿ ಸೂಚ್ಯಂಕ ಸಿಗುತ್ತದೆ. ಹೆಬ್ಬಾಳ, ಜಯನಗರ, ಪೀಣ್ಯ, ಸಿಲ್ಕ್ ಬೋರ್ಡ್, ಎಲ್ಲದರ ಅಂಕಿ ಬೇರೆ ಬೇರೆ. ನನ್ನ ನಿಯಮ ಇಷ್ಟು: 100ರ ಒಳಗಿದ್ದರೆ ಏನು ಬೇಕಾದರೂ, 100ರಿಂದ 150 ಆದರೆ ನಿಧಾನ ಓಟ ಮಾತ್ರ, ಅದಕ್ಕೂ ಮೇಲೆ ಮನೆಯೊಳಗಿನ ಟ್ರೆಡ್‌ಮಿಲ್ ಅಥವಾ ರಜೆ. ದೀಪಾವಳಿಯ ವಾರ ಪೂರ್ತಿ ರಜೆ. ದೆಹಲಿಯ ಕಡೆ ಇರುವವರಿಗೆ ನವೆಂಬರ್, ಡಿಸೆಂಬರ್‌ನಲ್ಲಿ ಟ್ರೆಡ್‌ಮಿಲ್ಲೇ ಗತಿ.

ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ, ಮಳೆ ಬಂದ ಮೇಲೆ ಖಾಲಿ ಸೈಟುಗಳಲ್ಲಿ ಬಿಳಿಬಿಳಿಯಾಗಿ ಹೂ ಬಿಡುತ್ತದೆ. ಅದರ ಪರಾಗ ನಿಮಗೆ ಆಗದಿದ್ದರೆ ಹೊರವಲಯದ ಲೇಔಟ್ ರಸ್ತೆ ಬೇಡ, ನಿರ್ವಹಣೆ ಚೆನ್ನಾಗಿರುವ ಪಾರ್ಕ್ ಅಥವಾ ಟ್ರ್ಯಾಕ್ ನೋಡಿ. ಕಬ್ಬನ್ ಪಾರ್ಕ್‌ನಲ್ಲಿ ಬೆಳಗಿನ ಜಾವ ವಾಹನ ಇರುವುದಿಲ್ಲ, ಅದೇ ದೊಡ್ಡ ಅನುಕೂಲ. ಶುರುವಿನ ವಾರಗಳಲ್ಲಿ ಸುತ್ತು ಹೊಡೆಯುವ ಜಾಗವೇ ಒಳ್ಳೆಯದು. ಏನಾದರೂ ಆದರೆ ಮನೆಯಿಂದ ಐದು ಕಿ.ಮೀ. ದೂರದಲ್ಲಿ ಒಬ್ಬರೇ ನಿಂತಿರುವುದಿಲ್ಲ.

ಹೊರದೇಶದ ಚಳಿಯಲ್ಲಿರುವ ಕನ್ನಡಿಗರು ಬಾಯಿ, ಮೂಗು ಮುಚ್ಚುವಂತೆ ತೆಳು ಬಟ್ಟೆಯ ಪಟ್ಟಿ ಕಟ್ಟಿಕೊಳ್ಳಿ. ನೀವು ಬಿಟ್ಟ ಉಸಿರಿನ ಬಿಸಿ, ತೇವ ಅದರಲ್ಲಿ ಉಳಿದು ಮುಂದಿನ ಉಸಿರಿಗೆ ಸಿಗುತ್ತದೆ.

ಹಂತ 5: ವಾರ್ಮ್ ಅಪ್

ಇದು ಈ ಬರಹದ ಜೀವಾಳ. ಸರಿಯಾಗಿ ವಾರ್ಮ್ ಅಪ್ ಮಾಡಿದರೆ ಸುಮಾರು ಅರ್ಧದಷ್ಟು ಜನಕ್ಕೆ ಒಂದು ಬಿಡುವಿನ ಅವಧಿ ಸಿಗುತ್ತದೆ. ಅಂದರೆ ಒಂದು ಸಲ ಸಣ್ಣದಾಗಿ ಕೆರಳಿದ ಶ್ವಾಸನಾಳ ಮುಂದಿನ ಒಂದರಿಂದ ಮೂರು ಗಂಟೆ ಅಷ್ಟು ಸುಲಭವಾಗಿ ಕೆರಳುವುದಿಲ್ಲ. ನಿಮಗೆ ಇದು ಕೆಲಸ ಮಾಡುತ್ತದಾ ಇಲ್ಲವಾ ಎನ್ನುವುದು ಮಾಡಿ ನೋಡಿದರಷ್ಟೇ ಗೊತ್ತಾಗುವುದು.

ಡಾಕ್ಟರ್ ಹೇಳಿದ್ದರೆ ಓಟಕ್ಕೆ 10ರಿಂದ 15 ನಿಮಿಷ ಮುಂಚೆ ರಿಲೀವರ್. ಆಮೇಲೆ 5 ನಿಮಿಷ ಬಿರುಸು ನಡಿಗೆ, 5 ನಿಮಿಷ ತೀರಾ ನಿಧಾನದ ಜಾಗಿಂಗ್. ಆಮೇಲೆ 30 ಸೆಕೆಂಡ್ ಜೋರು ಓಟ, 45 ಸೆಕೆಂಡ್ ನಡಿಗೆ. ಹೀಗೆ 6ರಿಂದ 8 ಸಲ. ಹೊಸಬರು ಮೂರರಿಂದ ಶುರು ಮಾಡಿ, "ಜೋರು" ಅಂದರೆ ಬಸ್ ಹಿಡಿಯಲು ಓಡುವಷ್ಟು ಸಾಕು. ಕೊನೆಗೆ 5 ನಿಮಿಷ ನಡೆದು, ಎದೆ ಸರಿಯಿದೆ ಅನಿಸಿದ ಮೇಲೆ ನಿಜವಾದ ಓಟ.

ಅರ್ಧ ಗಂಟೆ ಓಡಲು ಇಷ್ಟು ಪೀಠಿಕೆಯಾ ಅನಿಸುತ್ತದೆ, ಅಲ್ವಾ? ಹೌದು, ಬೇಕು. ಗುಂಪಿನ ಜೊತೆ ಓಡುವವರು ಇಲ್ಲೇ ಎಡವುತ್ತಾರೆ. ಅವರೆಲ್ಲ ಕಾಲು ಝಾಡಿಸಿ ಹೊರಟುಬಿಡುತ್ತಾರೆ, ಸಂಕೋಚಕ್ಕೆ ನೀವೂ ಹೊರಡುತ್ತೀರಿ. ಇಪ್ಪತ್ತೈದು ನಿಮಿಷ ಮೊದಲೇ ಹೋಗಿ ನಿಮ್ಮದು ಮುಗಿಸಿಕೊಳ್ಳಿ.

ಹಂತ 6: 16 ವಾರದ ಓಟ

ಟ್ರಯಥ್ಲಾನ್‌ನಲ್ಲಿ ಹಲವು ಅಳತೆ ಇವೆ. ಸ್ಪ್ರಿಂಟ್‌ನಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ಅಳತೆ ಇದರ ಎರಡರಷ್ಟು. ಮೊದಲ ಸಲ ಸ್ಪ್ರಿಂಟ್ ಆರಿಸಿಕೊಳ್ಳಿ. ಗೋವಾದ ಮಿರಾಮಾರ್ ಬೀಚ್‌ನಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3ಗೆ ನಮ್ಮವರು ತುಂಬ ಜನ ಹೋಗುತ್ತಾರೆ, ನಿಜ. ಅದರಲ್ಲಿ ಈಜು, ಸೈಕಲ್ ಮುಗಿದ ಮೇಲೆ 21.1 ಕಿ.ಮೀ. ಓಟ ಇದೆ. ಅದು ಎರಡನೇ ವರ್ಷದ ಮಾತು.

1ರಿಂದ 4ನೇ ವಾರ: ವಾರಕ್ಕೆ ಮೂರು ದಿನ, 2 ನಿಮಿಷ ಓಟ 1 ನಿಮಿಷ ನಡಿಗೆ, ಒಟ್ಟು 30 ನಿಮಿಷ. 5ರಿಂದ 8: ನಡಿಗೆ ಕಡಿಮೆ ಮಾಡುತ್ತಾ 30 ನಿಮಿಷ ನಿರಂತರ ಓಟ. 9ರಿಂದ 12: ಒಂದು ದಿನ ವೇಗದ ಓಟ, ಒಂದು ದಿನ ಸೈಕಲ್ ಇಳಿದ ಕೂಡಲೇ ಓಟ, ಒಂದು ದಿನ 6ರಿಂದ 7 ಕಿ.ಮೀ. ನಿಧಾನ. 13ರಿಂದ 15: ಅದೇ, ಸ್ವಲ್ಪ ಜಾಸ್ತಿ. 16ನೇ ವಾರ ಅರ್ಧಕ್ಕೆ ಇಳಿಸಿ.

ವೇಗ ಅಳೆಯಲು ವಾಚಿನ ಹೃದಯ ಬಡಿತ ನಂಬಬೇಡಿ. ಸಾಲ್ಬುಟಮಾಲ್ ತೆಗೆದುಕೊಂಡಾಗ ಬಡಿತ ತಾನಾಗಿಯೇ ಏರುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಮಾತಿನ ಪರೀಕ್ಷೆ ಸಾಕು: "ನಾಳೆ ಸಂಜೆ ನಾನು ತರಕಾರಿ ತರಬೇಕು" ಅಂತ ಒಂದೇ ಉಸಿರಿಗೆ ಹೇಳಲು ಆದರೆ ವೇಗ ಸರಿಯಿದೆ. "ನಾಳೆ ಸಂಜೆ" ಆದಮೇಲೆ ನಿಲ್ಲಬೇಕಾದರೆ ನಿಧಾನ ಮಾಡಿ.

ಸೈಕಲ್ ಇಳಿದು ಓಡುವುದಕ್ಕೆ ಬ್ರಿಕ್ ಅನ್ನುತ್ತಾರೆ. ಬಿಡಿ ಓಟದಲ್ಲಿ ಕಾಟ ಕೊಡುವ ಎದೆ ಬ್ರಿಕ್‌ನಲ್ಲಿ ನನಗೆ ಎಷ್ಟೋ ಸಲ ಸುಮ್ಮನಿರುತ್ತದೆ. ಮುಕ್ಕಾಲು ಗಂಟೆ ಸೈಕಲ್ಲೇ ವಾರ್ಮ್ ಅಪ್ ಆಗಿರುತ್ತದೆ. ಆದರೆ ನಂದಿ ಬೆಟ್ಟದ ದಾರಿಯಲ್ಲಿ ಟಿಪ್ಪರ್ ಲಾರಿ ಹಿಂದೆ ದೂಳು ಕುಡಿದುಕೊಂಡು ಬಂದ ದಿನ ಈ ಲೆಕ್ಕ ನಡೆಯುವುದಿಲ್ಲ. ಕ್ಲೋರಿನ್ ವಾಸನೆ ಘಾಟಾಗಿ ಹೊಡೆಯುವ ಒಳಾಂಗಣ ಕೊಳದಲ್ಲಿ ಈಜಿದ ದಿನವೂ ವೇಗದ ಓಟ ಬೇಡ. ಕ್ಲೋರಿನ್ ಜೊತೆ ಬೆವರು, ಮೂತ್ರ ಸೇರಿ ಹುಟ್ಟುವ ಕ್ಲೋರಮೀನ್‌ಗಳ ಘಾಟು ಅದು.

ಓಟ ಮುಗಿದಾಗ ಒಮ್ಮೆಗೇ ನಿಲ್ಲಬೇಡಿ. 10 ನಿಮಿಷ ನಿಧಾನಕ್ಕೆ ಇಳಿಸಿ. ಆಮೇಲೆ 15 ನಿಮಿಷ ಅಲ್ಲೇ ಇರಿ. ಸೀದಾ ಹೋಗಿ ಎಸಿ ಕಾರಿನಲ್ಲಿ ಕೂತು ಗಾಡಿ ಓಡಿಸುವುದು ಕೆಟ್ಟ ಅಭ್ಯಾಸ. ಬಿಗಿತ ಬರುವುದೇ ಆ ಹೊತ್ತಿನಲ್ಲಿ, ಆಗ ನೀವು ಸಿಗ್ನಲ್‌ನಲ್ಲಿ ಸಿಕ್ಕಿರುತ್ತೀರಿ.

ನೆಗಡಿ, ಜ್ವರ ಇದ್ದರೆ ಓಟ ಇಲ್ಲ. ಉಬ್ಬಸ ಜೋರಾಗಿ ಬಂದು ಹೋದರೆ ಪೀಕ್ ಫ್ಲೋ ಹಸಿರಿಗೆ ಬಂದು, ಡಾಕ್ಟರ್ ಸರಿ ಅಂದ ಮೇಲೆ, ಎರಡು ವಾರ ಹಿಂದಿನ ಹಂತದಿಂದ ಶುರು. ವೇಳಾಪಟ್ಟಿ ತಪ್ಪಿತು ಅಂತ ಒಂದೇ ವಾರದಲ್ಲಿ ಎಲ್ಲ ತುಂಬಿಸಲು ಹೋಗಬೇಡಿ.

ಹಂತ 7: ಓಟದ ಮಧ್ಯೆ ಉಬ್ಬಸ ಬಂದರೆ

1. ನಿಲ್ಲಿ. ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಮಲಗಬೇಡಿ.
2. ಡಾಕ್ಟರ್ ಬರೆದುಕೊಟ್ಟ ತುರ್ತು ಯೋಜನೆ ಇದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಸಾಲ್ಬುಟಮಾಲ್ ಒಂದೊಂದೇ ಪಫ್, ನಡುವೆ ಅರ್ಧದಿಂದ ಒಂದು ನಿಮಿಷ, ಒಟ್ಟು ನಾಲ್ಕು. ನಾಲ್ಕು ನಿಮಿಷ ಕಾಯಿರಿ.
3. ಸರಿಹೋಗದಿದ್ದರೆ 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಮತ್ತೆ ನಾಲ್ಕು, ಮತ್ತೆ ನಾಲ್ಕು.

ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಕಾಯುವ ಮಾತೇ ಇಲ್ಲ. ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತೂ ಉಸಿರಾಟ ಕಷ್ಟವಾಗೇ ಇದ್ದರೆ "ಕಡಿಮೆ ಆಯ್ತು" ಅಂದುಕೊಳ್ಳಬೇಡಿ. ಗಾಳಿಯೇ ಓಡಾಡುತ್ತಿಲ್ಲ ಎಂದು ಅದರ ಅರ್ಥ. ಔಷಧಿಯಿಂದ ಸರಿಹೋದರೂ ಅವತ್ತಿನ ಓಟ ಅಲ್ಲಿಗೆ ಮುಗಿಯಿತು.

ಹಂತ 8: ಸ್ಪರ್ಧೆಯ ದಿನ

ಉದ್ದೀಪನ ಮದ್ದಿನ ನಿಯಮ ನಮ್ಮಂಥವರಿಗೇಕೆ ಅನ್ನಬೇಡಿ, ನಿಯಮ ಎಲ್ಲರಿಗೂ ಒಂದೇ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪ್ರಕಾರ ಎಳೆದುಕೊಳ್ಳುವ ಸಾಲ್ಬುಟಮಾಲ್ 24 ಗಂಟೆಗೆ 1600 ಮೈಕ್ರೊಗ್ರಾಂ ಮೀರಬಾರದು, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಒಂದು ಪಫ್‌ಗೆ 100 ಆದರೆ 8 ಗಂಟೆಗೆ ಆರು ಪಫ್. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಕ್ರಿಸ್ ಫ್ರೂಮ್ 2017ರಲ್ಲಿ ಇದೇ ಔಷಧಿಯ ಲೆಕ್ಕದಲ್ಲಿ ಸಿಕ್ಕಿಕೊಂಡು, 2018ರಲ್ಲಿ ನಿರ್ದೋಷಿ ಅನ್ನಿಸಿಕೊಳ್ಳುವವರೆಗೆ ತಿಂಗಳುಗಟ್ಟಲೆ ಒದ್ದಾಡಿದರು. ಎಳೆದುಕೊಳ್ಳುವ ಸ್ಟಿರಾಯ್ಡ್‌ಗೆ ಅಡ್ಡಿ ಇಲ್ಲ, ಸ್ಪರ್ಧೆಯ ಹೊತ್ತಿನಲ್ಲಿ ಸ್ಟಿರಾಯ್ಡ್ ಮಾತ್ರೆಗೆ ಇದೆ. ರಿಲೀವರ್‌ಗಳಲ್ಲೇ ಇನ್ನೊಂದಾದ ಟರ್ಬುಟಲಿನ್‌ಗೆ ಮುಂಚೆಯೇ ವಿನಾಯಿತಿ ಪತ್ರ ಬೇಕು. ನಿಮ್ಮ ಚೀಟಿಯಲ್ಲಿರುವ ಪ್ರತಿ ಹೆಸರನ್ನೂ ವಾಡಾದ ಆ ವರ್ಷದ ನಿಷೇಧಿತ ಔಷಧಿಗಳ ಪಟ್ಟಿಯಲ್ಲಿ ನೋಡಿಕೊಳ್ಳಿ. ಹಾಗಂತ ಉಬ್ಬಸ ಬಂದಾಗ ಪಫ್ ಎಣಿಸುತ್ತಾ ಕೂರಬೇಡಿ. ಸ್ಪರ್ಧೆ ಹೋದರೆ ಹೋಗಲಿ.

ಮೂರು ಇನ್ಹೇಲರ್ ಒಯ್ಯಿರಿ. ಒಂದು ಜಿಪ್ ಲಾಕ್ ಕವರಿನಲ್ಲಿ ನಿಮ್ಮ ಸೂಟಿನ ಬೆನ್ನಿನ ಜೇಬಿಗೆ. ಒಂದು ಈಜು ಮುಗಿಸಿ ಸೈಕಲ್ ಹತ್ತುವ ಜಾಗದಲ್ಲಿ, ಟವೆಲ್ ಅಡಿ ನೆರಳಿಗೆ. ಒತ್ತಡದ ಡಬ್ಬಿ ಅದು, ಬಿಸಿಲಿಗೆ ಬಿಟ್ಟ ಸೈಕಲ್ ಬ್ಯಾಗಿನಲ್ಲಿ ಕಾಯಬಾರದು. ಬಿಬ್, ಅಂದರೆ ಸ್ಪರ್ಧೆಯ ನಂಬರ್ ಇರುವ ಹಾಳೆಯ ಹಿಂದೆ "ಅಸ್ತಮಾ", ಔಷಧಿಯ ಹೆಸರು, ಮನೆಯವರ ಫೋನ್ ನಂಬರ್ ಬರೆಯಿರಿ. ಈಜಿನಲ್ಲಿ ಬಿಗಿತ ಬಂದರೆ ಕೈ ಎತ್ತಿ. ರಕ್ಷಕರ ಕಯಾಕ್ ಹಿಡಿದು ಸುಧಾರಿಸಿಕೊಳ್ಳಬಹುದು, ಅದನ್ನು ಹಿಡಿದುಕೊಂಡು ಮುಂದೆ ಸಾಗುವಂತಿಲ್ಲ ಅಷ್ಟೇ.

ಮೂರನೆಯ ಇನ್ಹೇಲರ್ ಫಿನಿಷ್ ಲೈನಿನಲ್ಲಿ ಕಾಯುವವರ ಕೈಗೆ. ಅಲ್ಲಿ ಪದಕ, ಬಾಳೆಹಣ್ಣು, ಫೋಟೊ ಎಲ್ಲದಕ್ಕೂ ಸಾಲು ಇರುತ್ತದೆ, ನಿಮ್ಮ ಬ್ಯಾಗ್ ಎಲ್ಲೋ ಇನ್ನೊಂದು ಸಾಲಿನಲ್ಲಿರುತ್ತದೆ. ನಿಮಗೆ ಬಿಗಿತ ಬರಬಹುದಾದ ಆ 15 ನಿಮಿಷ ಅಲ್ಲೇ ಕಳೆಯುತ್ತದೆ. ನಡೆಯುತ್ತಾ ಇರಿ, ಅವರನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ.